ದೊಡ್ಡಮ್ಮನ ಹಾಸಿಗೆ

ಈ ಲೋಕದಲ್ಲಿ ಮಾನ ಮರ್ಯಾದೆ ಕಳೆದುಕೊಳ್ಳುವುದು ಸುಲಭ, ಹಳೆಯ ಹತ್ತಿ ಹಾಸಿಗೆಯನ್ನು ಕಳೆದುಕೊಳ್ಳುವುದು ಕಷ್ಟ. ಗುಜರಿಯವನು ಒಡೆದ ಬಾಟಲಿ, ತುಕ್ಕು ಹಿಡಿದ ತಗಡು, ಹಳೇ ಪಂಚಾಂಗ ಎಲ್ಲ ಒಯ್ಯುತ್ತಾನೆ. ಹಾಸಿಗೆ ಎಂದೊಡನೆ ಕೈಮುಗಿದು ಸೈಕಲ್ ಹತ್ತುತ್ತಾನೆ. ಯಾಕೆಂದರೆ ನಮ್ಮ ಕಾಪು ಕಡೆ ಹಾಸಿಗೆ ಮನೆಯಿಂದ ಹೊರಗೆ ಹೋಗುವುದು, ಅದರ ಮೇಲೆ ಮಲಗಿದವರು ಹೋದ ಮೇಲೆಯೇ. ಕ್ಷೀರಸಾಗರದಲ್ಲಿ ಹಾವಿನ ಮೇಲೆ ಮಲಗಿದ ನಮ್ಮ ದೇವರು ಬುದ್ಧಿವಂತ. ಹಳತಾದರೆ ಆ ಹಾಸಿಗೆ ತಾನಾಗಿಯೇ ಹರಿದು ಹೋದೀತು.

ದೊಡ್ಡಮ್ಮನ ಹಾಸಿಗೆಗೆ ಆ ಸಾಮರ್ಥ್ಯ ಇರಲಿಲ್ಲ. ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ, ನಮ್ಮ ಮನೆಯಲ್ಲೇ ಇದ್ದವರು. ಎಂಬತ್ತರ ದಶಕದ ಆರಂಭದಲ್ಲಿ ಮಣಿಪಾಲದ ಡಾಕ್ಟರರೊಬ್ಬರು ಅವರ ಬೆನ್ನು ನೋಡಿ, ಗಂಟುಗಂಟಾದ ಆ ಹಾಸಿಗೆ ಬಿಡಿ ಎಂದರು. ನಾನು ಉಡುಪಿಯಿಂದ ಸ್ಪಂಜಿನ ಹಾಸಿಗೆ ತಂದೆ. ದೊಡ್ಡಮ್ಮ ಒಪ್ಪಿದರು, ಒಂದು ಶರತ್ತಿನ ಮೇಲೆ.

"ಹಳತನ್ನು ಎಲ್ಲಿ ಬೇಕಾದರೂ ಬಿಸಾಡು, ಜನರ ಕಣ್ಣಿಗೆ ಮಾತ್ರ ಬೀಳಬಾರದು ಮಾರಾಯ. ನಾನು ಸತ್ತೆ ಅಂತ ಸುದ್ದಿಯಾದೀತು. ಆ ಸುಂದರಿಗೆ ಅಷ್ಟು ಸುಲಭದಲ್ಲಿ ಖುಷಿ ಆಗುವುದು ಬೇಡ."

ಸುಂದರಿ ಮಲ್ಪೆಯಲ್ಲಿರುವ ಅವರ ತಂಗಿ. ಸುಂದರಿ ತಮ್ಮ ಮಗಳ ಮದುವೆಗೆ ಖುದ್ದಾಗಿ ಬಂದು ಕರೆಯದೆ, ಯಾರದೋ ಕೈಯಲ್ಲಿ ಹೇಳಿಕಳುಹಿಸಿದ ತಪ್ಪಿಗೆ ಅಕ್ಕ ತಂಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಆದರೆ ಹಬ್ಬದ ದಿನ ಗೇಟಿನ ಸದ್ದಾದರೆ ಮೊದಲು ಕತ್ತು ಹೊರಳಿಸುವವರು ದೊಡ್ಡಮ್ಮನೇ. ಬಂದವರು ಸುಂದರಿಯಲ್ಲವೆಂದು ಕಂಡ ಮೇಲೆ ಆ ದಿನದ ಪಾಯಸಕ್ಕೂ ಬೈಗುಳ ಬೀಳುತ್ತಿತ್ತು.

ಹಾಸಿಗೆಯನ್ನು ಸುಡೋಣವೆಂದರೆ ಹೊಗೆಯೂ ಸಾವಿನ ಸುದ್ದಿಯನ್ನೇ ಹೇಳುತ್ತದೆ. ಕೊನೆಗೆ, ಕುಚ್ಚಲಕ್ಕಿ ಅನ್ನ ಉಂಡು ಊರಿಗೆ ಊರೇ ಮಲಗುವ ಮಧ್ಯಾಹ್ನ ಅದನ್ನು ಸ್ಕೂಟರಿಗೆ ಕಟ್ಟಿ, ಶಂಕರಪುರದ ದಾರಿಯ ಪಾಳುಬಿದ್ದ ಕಲ್ಲುಕೋರೆಗೆ ಒಯ್ದು ಕೆಡವಿದೆ. ಅಲ್ಲಿ ಆಗಲೇ ಒಡೆದ ಕಕ್ಕಸಿನ ಪಿಂಗಾಣಿ, ಸುಟ್ಟ ಟ್ಯೂಬ್‌ಲೈಟು, ಮೂರು ಕಾಲಿನ ಕುರ್ಚಿ ಬಿದ್ದಿದ್ದವು. ಊರಿನ ಸಭ್ಯರೆಲ್ಲ ನನಗಿಂತ ಮೊದಲೇ ಬಂದು ಹೋಗಿದ್ದರು.

ನಾನು ಮರೆತದ್ದು ಆ ತೇಪೆಯನ್ನು. ಹಾಸಿಗೆಯ ಹರಿದ ಮೂಲೆಗೆ ದೊಡ್ಡಮ್ಮ ತಮ್ಮ ಗಿಳಿಹಸಿರು ಸೀರೆಯ ತುಂಡು ಹೊಲಿದಿದ್ದರು. ಆ ಸೀರೆಯನ್ನು ಅವರು ಉಡದೆ ನಮ್ಮ ಊರಲ್ಲಿ ಒಂದು ಮದುವೆಯೂ ಆದದ್ದಿಲ್ಲ. ಮಲ್ಲಿಗೆ ಕಟ್ಟುವ ಹೆಂಗಸರು ಕೋರೆಯ ದಾರಿಯಲ್ಲಿ ಹೋಗುವಾಗ ಅದನ್ನು ಕಂಡರು, ಗುರುತಿಸಿದರು, ಲೊಚಗುಟ್ಟಿದರು. ಸುದ್ದಿ ಮಲ್ಲಿಗೆ ಚೆಂಡುಗಳ ಜೊತೆ ಬಸ್ಸು ಹತ್ತಿ ಮಲ್ಪೆಗೂ ಮುಟ್ಟಿತು.

ಮರುದಿನ ಬೆಳಿಗ್ಗೆ ನೆರೆಮನೆಯ ಶೀನಪ್ಪ ಮುಖ ಇಳಿಬಿಟ್ಟುಕೊಂಡು ಜಗಲಿಗೆ ಬಂದ.

"ಯಾವಾಗ ಆದದ್ದು ಮಾಷ್ಟ್ರೇ? ಒಳ್ಳೆಯ ಜನ. ಬಾಯಿ ಸ್ವಲ್ಪ ಜೋರು, ಅಷ್ಟೆ. ಅಲ್ವಾ?"

"ಯಾರ ಬಾಯಿ ಶೀನ?" ಎಂದರು ದೊಡ್ಡಮ್ಮ, ಒಳಗಿನಿಂದ.

ಶೀನಪ್ಪ ಕೊಡೆ ಬಿಟ್ಟು ಓಡಿದ. ನನಗೆ ಓಡಲು ಜಾಗವಿರಲಿಲ್ಲ. ದೊಡ್ಡಮ್ಮ ಹೊರಗೆ ಬಂದು ನನ್ನ ವಿದ್ಯೆ, ಉದ್ಯೋಗ, ಜಾತಕ ಎಲ್ಲವನ್ನೂ ಜಾಲಾಡಿಸುತ್ತಿರುವಾಗಲೇ ಗೇಟಿನ ಬಳಿ "ಅಯ್ಯೋ ಅಕ್ಕಾ!" ಎಂದು ಬೊಬ್ಬೆ ಕೇಳಿತು. ಸುಂದರಿ ಚಿಕ್ಕಮ್ಮ! ಎದೆ ಬಡಿದುಕೊಳ್ಳುತ್ತಾ ಮೆಟ್ಟಿಲು ಹತ್ತಿದವರು, ಅಕ್ಕನನ್ನು ಕಂಡು ಕೈಯನ್ನು ಎದೆಯ ಮೇಲೆಯೇ ನಿಲ್ಲಿಸಿದರು.

"ಎಂತ, ನೀನು ಉಂಟಾ?"

"ಉಂಟು. ಬೇಸರವಾ?"

"ದಾರಿಯುದ್ದಕ್ಕೂ ಅತ್ತದ್ದು ನಾನು! ಎಲ್ಲ ದಂಡ!"

"ಕರೆಯದೆ ಬಂದೆಯಲ್ಲ?"

"ಸಾವಿನ ಮನೆಗೆ ಯಾರಾದರೂ ಕರೀತಾರಾ?"

ದೊಡ್ಡಮ್ಮ ಸೆರಗಿನಿಂದ ತಂಗಿಯ ಮುಖ ಒರೆಸಿ, ಒಳಗೆ ಕರೆದುಕೊಂಡು ಹೋಗಿ ಸ್ಪಂಜಿನ ಹಾಸಿಗೆಯ ಮೇಲೆ ಕೂರಿಸಿದರು. ಮಧ್ಯಾಹ್ನದವರೆಗೂ ಇಬ್ಬರೂ ಸೇರಿ ನನ್ನನ್ನು ಬೈದರು. ಅಷ್ಟು ಹಿತವಾದ ಬೈಗುಳವನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ.

ಅಷ್ಟರಲ್ಲಿ ಇನ್ನಷ್ಟು ಜನ ಬಂದು, ಸತ್ತವರ ಕೈಯಿಂದಲೇ ಕಾಫಿ ಕುಡಿದು ಹೋದರು. ಕಾಫಿಪುಡಿ ಮುಗಿಯಿತು, ಮೊದಲು ಹೋಗಿ ಆ ಹಾಸಿಗೆ ತನ್ನಿ ಎಂದಳು ನನ್ನ ಹೆಂಡತಿ. ಹಾಡಹಗಲಲ್ಲಿ ಊರೆಲ್ಲ ನೋಡುತ್ತಿರುವಂತೆ ಅದನ್ನು ಸ್ಕೂಟರಿನಲ್ಲಿ ವಾಪಸು ತಂದೆ.

"ಇನ್ನು ಇದನ್ನು ಎಲ್ಲಿ ಬಿಸಾಡುವುದು ದೊಡ್ಡಮ್ಮ?"

"ಬಿಸಾಡುವುದಾ? ಮಂಡೆ ಸಮ ಉಂಟಾ ನಿನಗೆ?" ಎಂದರು ದೊಡ್ಡಮ್ಮ. "ಅಟ್ಟದಲ್ಲಿಡು. ಸುಂದರಿ ಪುನಃ ಮಾತು ಬಿಟ್ಟರೆ ಬೇಕಾಗ್ತದೆ."