ಹಿಂದಿನಿಂದ ಬಂದ ಕೂಗು

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದಕ್ಕೆ ಹಾಕಿದೆ. ಮಗಳ ಮದುವೆ ಮುಗಿಯಲಿ ಅಂದುಕೊಂಡೆ, ಮಂಡಿನೋವು ಇಳಿಯಲಿ ಅಂದುಕೊಂಡೆ. ಮಂಡಿನೋವಿಗೂ ಇದಕ್ಕೂ ಸಂಬಂಧವೇ ಇಲ್ಲ. ಹೇಳಲು ಮನಸ್ಸಿರಲಿಲ್ಲ, ಅಷ್ಟೆ.

ತೊಂಬತ್ತರ ದಶಕದ ಕೊನೆ ಇರಬೇಕು. ಉತ್ತರಹಳ್ಳಿಯ ನಮ್ಮ ರಾಗಿ ಹೊಲ ಲೇಔಟ್ ಆಗಿ, ಕಟ್ಟಿದ ಮನೆಗಳನ್ನು ಬಾಡಿಗೆಗೆ ಬಿಟ್ಟು, ನಾನು ಕೆಲಸವಿಲ್ಲದೆ ಜಗಲಿ ಮೇಲೆ ಕೂತು ಹೋಗಿಬರುವವರ ಮೇಲೆಲ್ಲ ರೇಗುತ್ತಿದ್ದ ಕಾಲ. ನನ್ನ ಹೆಂಡತಿಯ ತಮ್ಮ ಸುಬ್ರಹ್ಮಣ್ಯಪುರದಲ್ಲಿ ಗ್ಯಾರೇಜ್ ಇಟ್ಟಿದ್ದ. ಮದುವೆ ಆಗಿರಲಿಲ್ಲ, ಊಟ ನಮ್ಮ ಮನೆಯಲ್ಲೇ. ಅವನು ಯಾವುದೋ ನರ್ಸಿಂಗ್ ಹೋಮಿನವರು ಮಾರಿದ ಹಳೇ ಆಂಬ್ಯುಲೆನ್ಸ್ ಮೆಟಡೋರ್ ತಂದು, ನಮ್ಮ ಖಾಲಿ ಸೈಟಿನಲ್ಲಿ ನಿಲ್ಲಿಸಿಕೊಂಡು, ಅದನ್ನು ಓಡಾಡುವ ಮನೆ ಮಾಡಲು ಹೊರಟ. ಸ್ಟ್ರೆಚರ್ ಇದ್ದ ಕಡೆ ಮಡಚುವ ಮಂಚ. ಒಲೆ ಇಡಲು ಕಟ್ಟೆ, ಮೇಲೆ ನೀರಿನ ಡ್ರಮ್ಮು, ಕಿಟಕಿಗೆ ಅಕ್ಕನ ಹಳೇ ಸೀರೆಯ ಪರದೆ. ಮೈಗೆಲ್ಲ ನೀಲಿ ಬಳಿದಿದ್ದರೂ ಬಣ್ಣದಡಿಯ ಕೆಂಪು ಪ್ಲಸ್ ಗುರುತು ಬಿಸಿಲಿನಲ್ಲಿ ಇಣುಕುತ್ತಿತ್ತು.

ಎದುರು ಮನೆಯವನು ಬೀದಿಗೆಲ್ಲ ಕೇಳುವ ಹಾಗೆ ಕೇಳಿದ: "ಏನ್ ಯಜಮಾನ್ರೇ, ಮನೆಗಳನ್ನೆಲ್ಲ ಬಾಡಿಗೆಗೆ ಬಿಟ್ಟು ಆಂಬ್ಯುಲೆನ್ಸಲ್ಲಿ ಸಂಸಾರ ಹೂಡ್ತೀರಂತೆ?"

ನಾನು ಭಾವಮೈದನ ಮೇಲೆ ಹಾರಾಡಿದೆ. ಅವನು ಸ್ಪ್ಯಾನರ್ ಒರೆಸಿಕೊಳ್ಳುತ್ತಾ ನಕ್ಕ. "ಒಂದ್ಸಲ ಬಂದ್ ನೋಡಿ ಭಾವ. ಒಳಗೆ ಮಲಗಿದ್ರೆ ಏಳೋ ಮನಸ್ಸೇ ಬರಲ್ಲ."

"ಮೊದ್ಲು ಮಲಗಿದ್ದೋರೂ ಎದ್ದಿಲ್ಲ ಬಿಡೋ ಅದ್ರಲ್ಲಿ."

ಬೈದುಕೊಂಡೇ ಅಕ್ಕ-ತಮ್ಮನ ಜೊತೆ ನಾನೂ ಹೊರಟೆ. ರಜಾ ಬಂದರೆ ಕನಕಪುರ ರಸ್ತೆ ಹಿಡಿದು, ಕೆರೆ ಏರಿಯ ಪಕ್ಕ, ಹುಣಸೆ ತೋಪಿನ ನೆರಳಲ್ಲಿ, ಎಲ್ಲಿ ಸರಿ ಅನ್ನಿಸಿದರೆ ಅಲ್ಲಿ ಠಿಕಾಣಿ. ನನಗೆ ಬೆನ್ನು ನೋವು, ಸೊಳ್ಳೆ, ಎಲ್ಲಕ್ಕಿಂತ ಅವನ ನಾಯಿ. ಕಂದು ಬಣ್ಣದ ಬೀದಿನಾಯಿ, ಹೆಣ್ಣು, ಒಂದು ಕಿವಿ ಮಡಚಿಕೊಂಡೇ ಇರುತ್ತಿತ್ತು. ಅವನು ಅದನ್ನು "ಕೂಸೇ" ಅಂತ ಕರೆಯುತ್ತಿದ್ದ. ಗಾಡಿ ಓಡಿಸುವಾಗ ಅವನ ತೊಡೆಯ ಮೇಲೆ ಅದರ ಗದ್ದ. ನಿಲ್ಲಿಸಿದರೆ ಒಲೆಯ ಹತ್ತಿರ ನನ್ನ ಹೆಂಡತಿಯ ಕಾಲಬುಡದಲ್ಲಿ ಅದರ ಜಾಗ. ನನ್ನನ್ನು ಕಂಡರೆ ಮಾತ್ರ ಗುರ್ ಅನ್ನುತ್ತಿತ್ತು. ಮನೆಯಲ್ಲಿ ನಾನು ಒಳಗೆ ಬಂದರೆ ಮಾತು ನಿಲ್ಲಿಸುತ್ತಿದ್ದ ಹೆಂಡತಿ ಆ ಡಬ್ಬದೊಳಗೆ ತಮ್ಮನ ಜೊತೆ, ನಾಯಿಯ ಜೊತೆ ಬಾಯಿ ತುಂಬ ನಗುತ್ತಿದ್ದಳು. ಅದನ್ನು ಸಹಿಸುವುದು ನನ್ನ ಕೈಲಾಗಲಿಲ್ಲ.

ಆ ಸಲ ದಸರಾ ರಜೆಗೆ ಸಂಗಮದ ಕಡೆ ಹೊಳೆ ದಡದಲ್ಲಿ ಇಳಿದಿದ್ದೆವು. ವಾಪಸ್ಸು ಹೊರಡುವ ದಿನವೇ ಆಯುಧಪೂಜೆ. ಗಾಡಿಗೆ ಅಲ್ಲೇ ಪೂಜೆ ಮಾಡಿ ಹೊರಡೋಣ ಅಂದೆ. ಹಿಂದಿನ ಸಂಜೆಯೇ ಹೊಳೆಯ ನೀರಲ್ಲಿ ಗಾಡಿ ತೊಳೆಸಿ ಹುಕುಂ ಹೊರಡಿಸಿದೆ.

"ಪೂಜೆ ಮುಗಿಯೋವರೆಗೂ ನಾಯಿ ಒಳಗೆ ಕಾಲಿಡಕೂಡದು."

"ಅದೂ ನಮ್ ಜೊತೆ ಬಂದಿರೋದೇ ಅಲ್ವಾ ಭಾವ? ಎಲ್ಲಿ ಮಲಗ್ಬೇಕು ಅದು?"

"ಹಿಂದೆ ಕಟ್ಹಾಕು. ಇಲ್ಲಾಂದ್ರೆ ನೀನೂ ಅದ್ರ ಜೊತೆ ಅಲ್ಲೇ ಮಲಕ್ಕೋ."

ಹಿಂಬದಿಯ ಬಂಪರಿಗೆ ಹಗ್ಗ ಕಟ್ಟಿದ. ನಿಜವಾಗಿಯೂ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡ.

ಬೆಳಗ್ಗೆ ಚೆಂಡು ಹೂವಿನ ಹಾರ, ಅರಿಶಿನ ಕುಂಕುಮ, ಚಕ್ರಗಳ ಕೆಳಗೆ ನಿಂಬೆಹಣ್ಣು. ಬೂದುಗುಂಬಳ ನಿವಾಳಿಸಿ ಒಡೆದೆ. ಇನ್ನು ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಬೇಕು. ಹತ್ತಿಸಿದ ಮೇಲೆ ಗಾಡಿ ನಿಲ್ಲಿಸಬಾರದು, ಹಿಂದಿನಿಂದ ಯಾರೂ ಕರೆಯಬಾರದು. ಇದು ನಮ್ಮಪ್ಪ ಎತ್ತಿನ ಗಾಡಿ ಕಟ್ಟುತ್ತಿದ್ದ ಕಾಲದಿಂದ ಬಂದದ್ದು. ದಿನಾ ಓಡಿಸುವವನು ಭಾವಮೈದ. ಆವತ್ತು, "ಹಿರಿಯ ನಾನು, ನಾನೇ ತೆಗೀತೀನಿ" ಅಂತ ಕೀ ಕಿತ್ತುಕೊಂಡೆ. ಹೆಂಡತಿ ಪೂಜೆಯ ತಟ್ಟೆ ಹಿಡಿದು ಪಕ್ಕದಲ್ಲಿ ಕೂತಳು. ಯಾರಾದರೂ ಜಾರಿ ಬಿದ್ದಾರು ಅಂತ ಅವನು ಕುಂಬಳದ ಹೋಳುಗಳನ್ನು ಆಯ್ದುಕೊಂಡು ದೂರ ಎಸೆಯಲು ಹೋಗಿದ್ದ.

ಚಕ್ರ ಉರುಳಿತು. ನಿಂಬೆಹಣ್ಣು ಪಚಕ್ಕೆಂದಿತು. ಹಿಂದೆಯೇ ಅವನ ಕೂಗು.

"ಭಾವಾ! ನಿಲ್ಸಿ! ಭಾವಾ!"

ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿ ತಿರುಗಿ ನೋಡಿದಳು. ನನ್ನ ತೋಳು ಹಿಡಿದಳು. "ರೀ, ನಿಲ್ಸಿ, ಕೂಗ್ತಿದಾನೆ."

"ಹಿಂದಿಂದ ಕೂಗ್ತಾನಲ್ಲ, ಅಪಶಕುನದ ನನ್ಮಗ" ಅಂದವನೇ ಆಕ್ಸಿಲೇಟರ್ ಒತ್ತಿದೆ.

ನಾಯಿಯ ನೆನಪು ಆಗ ನನಗಿರಲಿಲ್ಲ, ಅದು ನಿಜ. ಕೂಗು ಸ್ಪಷ್ಟವಾಗಿ ಕೇಳಿಸಿತ್ತು, ಅದೂ ನಿಜ. ಕಲ್ಲುದಾರಿಯಲ್ಲಿ ಮೇಲಿನ ಹೊಂಗೆಮರದವರೆಗೂ ಹೋಗಿ ನಿಲ್ಲಿಸಿದೆ. ಇಳಿದು ಹಿಂದಕ್ಕೆ ಬಂದಾಗ ಹಗ್ಗ ಇನ್ನೂ ಬಿಗಿಯಾಗಿಯೇ ಇತ್ತು.

ಓಡಿ ಬಂದ ಅವನು ನಾಯಿಯನ್ನು ಎತ್ತಿ ಎದೆಗೆ ಅವಚಿಕೊಂಡ. ಕನಕಪುರ ಮುಟ್ಟುವ ಮೊದಲೇ ಅದರ ಉಸಿರು ನಿಂತಿತು. ರಸ್ತೆ ಬದಿಯಲ್ಲಿ ಜಾಕ್ ರಾಡಿನಿಂದ ಗುಂಡಿ ತೋಡುತ್ತಾ, ತಲೆ ಎತ್ತದೆ ಕೇಳಿದ.

"ಕೇಳಿಸ್ಲಿಲ್ವಾ ಭಾವ?"

"ಇಂಜಿನ್ ಸದ್ದು ಕಣೋ."

"ಅಕ್ಕ, ನಿಂಗೆ?"

ಅವಳು ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಲಿಲ್ಲ, ಗುರಾಯಿಸಿದೆ. "ನಂಗೂ ಕೇಳಿಸ್ಲಿಲ್ಲಪ್ಪ" ಅಂದಳು.

"ನೀನು ತಿರುಗಿ ನೋಡ್ದೆ ಅಕ್ಕ. ನಾನು ನಿನ್ನ ಮುಖ ನೋಡ್ದೆ."

ಅಲ್ಲಿಂದ ಅವನು ನಮ್ಮ ಮನೆಯ ಊಟ ಬಿಟ್ಟ. ಗಾಡಿ ಗುಜರಿಗೆ ಹೋಯಿತು. ವಿಚಿತ್ರ ಅಂದರೆ ನನ್ನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಭಾವನಿಗೆ ಕೇಳಿಸಲಿಲ್ಲ, ಕೇಳಿಸಿಯೂ ಸುಮ್ಮನಿದ್ದವಳು ಅಕ್ಕ ಎಂದು ನಂಬಿಬಿಟ್ಟಿದ್ದ. ಬಸ್ ಸ್ಟಾಪಿನಲ್ಲಿ ಸಿಕ್ಕರೆ "ಚೆನ್ನಾಗಿದೀರಾ ಭಾವ" ಅನ್ನುತ್ತಿದ್ದ, ಟೀ ಕುಡಿಸುತ್ತಿದ್ದ. ಅಕ್ಕನ ಸುದ್ದಿ ಎತ್ತುತ್ತಿರಲಿಲ್ಲ. ಗೌರಿ ಹಬ್ಬಕ್ಕೆ ತವರಿನ ಬಾಗಿನ ತರುವುದನ್ನೂ ನಿಲ್ಲಿಸಿದ. ಅವಳು ಹಬ್ಬದ ದಿನ ಒಬ್ಬಟ್ಟು ಬೇಯಿಸುತ್ತಾ ಗೇಟಿನ ಸದ್ದಾದಾಗೆಲ್ಲ ಬಾಗಿಲಿಗೆ ಬಂದು ನೋಡಿ ಹೋಗುತ್ತಿದ್ದಳು. "ಬರ್ದಿದ್ರೆ ಹಾಳಾಗಿ ಹೋಗ್ಲಿ, ನಾಯಿ ಸತ್ತಿದ್ದಕ್ಕೆ ಇಷ್ಟು ಜಂಬ" ಎಂದು ನಾನು ಒಳಗಿನಿಂದ ಕೂಗುತ್ತಿದ್ದೆ. ತಮ್ಮನಿಗೆ ಒಂದು ಮಾತು ಹೇಳಿ ಅವಳು ತನ್ನನ್ನು ಉಳಿಸಿಕೊಳ್ಳಬಹುದಿತ್ತು. ಹೇಳಲಿಲ್ಲ. ಕೊನೆಗೆ ಅವನು ಬಂದದ್ದು ಅವಳ ಹೆಣ ನೋಡಲು.

ತಿಥಿ ಕಳೆದ ಮೇಲೆ ಅವನ ಗ್ಯಾರೇಜಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಕೂಗು ಕೇಳಿಸಿತ್ತು, ಅವಳು ನಿಲ್ಲಿಸು ಅಂದಿದ್ದಳು, ಒತ್ತಿದ್ದು ನಾನು, ತಪ್ಪಾಯ್ತು ಅಂದೆ. ಅವನು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ.

"ಇಷ್ಟು ವರ್ಷ ನಾನು ಅಕ್ಕನ ಮನೆ ಬಾಗಿಲು ತುಳೀಲಿಲ್ಲ" ಅಂದ. ಆಮೇಲೆ, "ಹೊರಡಿ ನೀವು. ನಂಗ್ಯಾಕೆ ಹೇಳ್ತೀರಾ ತಪ್ಪಾಯ್ತು ಅಂತ?"

ಹೊರಟೆ. ಹಿಂದಿನಿಂದ ಕೂಗಬಹುದು ಎಂದು ರಸ್ತೆ ತಿರುವಿನವರೆಗೂ ನಿಧಾನವಾಗಿ ನಡೆದೆ. ಕೂಗಲಿಲ್ಲ.

ಅವನ ಮಾತು ಸರಿ. ಆ ಮಾತನ್ನು ಹೇಳಬೇಕಾಗಿದ್ದದ್ದು ನನ್ನ ಹೆಂಡತಿಗೆ.