ಲುಪು ಅಂದರೆ ತೋಳ

ಅರಬ್ಬರ ನಾಡಿನ ಸೂರ್ ಪಟ್ಟಣದ ಕಡಲ ದಂಡೆಯ ಚಹಾದಂಗಡಿ. ನನ್ನನ್ನು ಇಲ್ಲಿಗೆ ಕರೆತಂದವನು ದಾವಣಗೆರೆಯ ನಮ್ಮ ಓಣಿಯ ಗೆಳೆಯ ತಿಪ್ಪಣ್ಣ. ಇಲ್ಲಿನ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಅವನ ಕೈಕೆಳಗಿನ ವೆಲ್ಡರ್ ಲುಪು, ರುಮೇನಿಯಾದಲ್ಲಿ ಸರಕಾರ ಬಿದ್ದ ಮೇಲೆ ಕೆಲಸ ಹುಡುಕಿ ಬಂದವನು. ಅವನು ಒಳಗೆ ಕಾಲಿಟ್ಟದ್ದೇ ತಡ, ತಿಪ್ಪಣ್ಣ ಹಿಂದಿಯಲ್ಲಿ ಕೂಗಿದ: "ಯಲ್ಲಾ, ಬೇಗ ಬೇಗ, ತೋಳ ಬಂತು, ಕುರಿ ಬಚ್ಚಿಡಿ!" ಅಂಗಡಿಯೆಲ್ಲ ನಕ್ಕಿತು. ರುಮೇನಿಯಾದವರ ಭಾಷೆಯಲ್ಲಿ ಲುಪು ಅಂದರೆ ತೋಳವಂತೆ.

ಅಂಥ ಹೆಸರು ಯಾಕಿಟ್ಟರೆಂದು ಕೇಳಿದೆ. ಮುರುಕು ಇಂಗ್ಲಿಷಿನಲ್ಲಿ ಲುಪು ಹೇಳಿದ: "ಅಣ್ಣಂದಿರಿಬ್ಬರು ತೊಟ್ಟಿಲಲ್ಲೇ ಹೋದರು. ನನಗೂ ಜ್ವರ ಬಂದಾಗ ಅಮ್ಮ ನನ್ನನ್ನು ಕಿಟಕಿಯಿಂದ ನೆರೆಯವಳ ಕೈಗೆ ಕೊಟ್ಟಳು. ನೆರೆಯವಳು ಬಾಗಿಲಿಗೆ ತಂದಾಗ ಅಮ್ಮ ಬೇರೆ ಮಗುವೆಂಬಂತೆ ಈ ಹೆಸರಿಟ್ಟು ಒಳಗೆ ಕರೆದುಕೊಂಡಳು. ತೋಳಕ್ಕೆ ಸಾವೂ ಹೆದರುತ್ತದೆ."

ತಿಪ್ಪಣ್ಣ ಇನ್ನೂ ಹಲ್ಲು ಕಿಸಿಯುತ್ತಲೇ ಇದ್ದ. ನನಗೆ ಮೈಯೆಲ್ಲ ಉರಿಯಿತು. ಮೊದಲಿನ ಮಕ್ಕಳು ಒಂದೂ ಉಳಿಯಲಿಲ್ಲವೆಂದು ಇವನಜ್ಜಿ ಇವನನ್ನು ತಿಪ್ಪೆಯ ಮೇಲೆ ಉರುಳಿಸಿ, ಎತ್ತಿಕೊಂಡು, ಆ ಹೆಸರಿಟ್ಟದ್ದು ನಮ್ಮ ಓಣಿಗೆಲ್ಲ ಗೊತ್ತು.

"ತಿಪ್ಪಣ್ಣಾ, ನಿನ್ನ ಹೆಸರಿನ ಕಥೆಯನ್ನೂ ಇವರಿಗೆ ಹೇಳೋ!" ಎಂದು ಗದರಿದೆ.

ಅವನ ನಗು ನಿಂತಿತು. ಸುತ್ತ ನೋಡಿ ಪಿಸುಗುಟ್ಟಿದ: "ಮೆಲ್ಲಗೆ ಮಾತಾಡಪ್ಪ. ಇಲ್ಲಿ ಎಲ್ಲರಿಗೂ ನಾನು ಕುಮಾರ್."