ಲಾಮಿಯಾಂಗ್ ಬೆರೆಸಿದ ಪೆಟ್ರೋಲು

ಬರಿಟೊ ನದಿಯ ಮೇಲ್ದಂಡೆಯ ಮರ ಕಡಿಯುವ ಕ್ಯಾಂಪಿನಲ್ಲಿ ಗರಗಸದ ಯಂತ್ರಗಳಿಗೆ ಪೆಟ್ರೋಲು ಬೆರೆಸುವ ಕೆಲಸ ಲಾಮಿಯಾಂಗಳದು. ಐದು ಲೀಟರಿಗೆ ಒಂದು ಟೀ ಲೋಟ ಎಣ್ಣೆ. ಮೊದಲು ಎಣ್ಣೆ, ಮೇಲೆ ಅರ್ಧ ಪೆಟ್ರೋಲು, ಚೆನ್ನಾಗಿ ಕುಲುಕಿ ಆಮೇಲೆ ಉಳಿದದ್ದು. ಯಾರಾದರೂ ಅವಸರ ಮಾಡಿದರೆ, "ಮನೇಲಿ ಹೆಂಡ್ತಿ ಮುಂದೆ ಮಾಡ್ಕೋ ಹೋಗು ನಿನ್ನ ಅವಸರ," ಎಂದು ಬಾಯಿ ಮುಚ್ಚಿಸುತ್ತಿದ್ದಳು. ಒಂಬತ್ತು ವರ್ಷದಲ್ಲಿ ಅವಳ ಡಬ್ಬಿಯಿಂದ ತುಂಬಿಸಿಕೊಂಡ ಒಂದು ಎಂಜಿನ್ನೂ ಎಣ್ಣೆ ಸಾಲದೆ ಸೀಜ್ ಆಗಿ ನಿಂತಿರಲಿಲ್ಲ.

ಎಣ್ಣೆ ಕೋಣೆಯ ಬೀಗದ ಕೈ ಮಾತ್ರ ಸಬ್ರನ್ ಮೇಸ್ತ್ರಿಯ ಸೊಂಟದಲ್ಲಿರುತ್ತಿತ್ತು. ಒಮ್ಮೆ ತಂಗಿಯ ಹೆರಿಗೆಗೆಂದು ಅವಳು ನಾಲ್ಕು ದಿನ ಕೆಳಗಿನ ಊರಿಗೆ ಹೋದಳು. ಆ ನಾಲ್ಕು ದಿನ ಪೆಟ್ರೋಲು ಬೆರೆಸಿ ಕೊಟ್ಟವನು ಮೇಸ್ತ್ರಿಯೇ.

ಅವಳು ದೋಣಿಯಿಂದ ಇಳಿದ ಮಧ್ಯಾಹ್ನವೇ ಗಂಡ ರಾವಿಂಗನನ್ನು ಹೊತ್ತು ತಂದರು. ದೊಡ್ಡ ಮೆರಾಂತಿ ಮರವನ್ನು ಮುಕ್ಕಾಲು ಕೊಯ್ದಾಗ ಗರಗಸದ ಎಂಜಿನ್ ಕಿರುಚಿ ಸೀಜ್ ಆಗಿ, ಅಲಗು ಮರದಲ್ಲೇ ಕಚ್ಚಿಕೊಂಡು ನಿಂತುಬಿಟ್ಟಿತ್ತು. ಅವನು ಅದನ್ನು ಎಳೆದುಕೊಳ್ಳಲು ಹೆಣಗುತ್ತಿದ್ದಂತೆ ಕಾಂಡ ಉದ್ದಕ್ಕೆ ಸೀಳಿ ಹಿಂದಕ್ಕೆ ಒದ್ದಿತ್ತು. ಎದೆಗೂಡು ಕುಸಿದಿತ್ತು. ಬಾಯಲ್ಲಿ ರಕ್ತದ ನೊರೆ. ಆಸ್ಪತ್ರೆಯ ದೋಣಿ ಹೊರಡುವ ಮೊದಲೇ ಅವಳ ತೊಡೆಯ ಮೇಲೆ ಪ್ರಾಣ ಬಿಟ್ಟ.

"ಈಗ ಅತ್ತು ಏನು ಬಂತು? ನೀನು ಬೆರೆಸಿಟ್ಟು ಹೋಗಿದ್ದೇ ಅವನನ್ನ ಕೊಂದಿದ್ದು," ಎಂದ ಸಬ್ರನ್, ಎಲ್ಲರಿಗೂ ಕೇಳುವಂತೆ.

ಲಾಮಿಯಾಂಗ್ ಎದ್ದಳು. ಊಟದ ಎರಡು ತಟ್ಟೆ ತಂದು ಬಿಸಿಲಿಗಿಟ್ಟಳು. ಒಂದಕ್ಕೆ ತಾನು ಬೆರೆಸಿಟ್ಟಿದ್ದ ಡಬ್ಬಿಯ ತಳದಲ್ಲಿ ಉಳಿದಿದ್ದದ್ದು, ಇನ್ನೊಂದಕ್ಕೆ ಗಂಡನ ಗರಗಸದ ಟ್ಯಾಂಕಿನದು ಸುರಿದಳು. ಪೆಟ್ರೋಲು ಆರಿಹೋಯಿತು; ಎಣ್ಣೆ ಬೆರೆಸಿದ್ದರೆ ಅದು ತಟ್ಟೆಯಲ್ಲಿ ಉಳಿಯಬೇಕು. ಮರ ಕಡಿಯುವವರಲ್ಲಿ ಹಿರಿಯನಾದ ದೆಹೆನ್ ಎರಡರಲ್ಲೂ ಬೆರಳಾಡಿಸಿದ. ಮೊದಲನೆಯದರಲ್ಲಿ ಜಿಡ್ಡು ಅಂಟಿತು. ಎರಡನೆಯದು ಒಣಗಿತ್ತು.

"ಮೇಸ್ತ್ರೀ, ಇದ್ರಲ್ಲಿ ಒಂದು ಹನಿ ಎಣ್ಣೆ ಇಲ್ವಲ್ಲಯ್ಯಾ! ಮೊನ್ನೆ ನೀನು ದೋಣಿಯವರಿಗೆ ಮಾರಿದ್ದು ನಮ್ಮ ಎಣ್ಣೇನಾ?" ಎಂದ.

ಸಬ್ರನ್ ತಟ್ಟೆಗಳನ್ನು ಒದ್ದ. "ಮುಚ್ಚೋ ಬಾಯಿ! ನೀನೂ ಮುಚ್ಚೇ!" ಎಂದು ಕಬ್ಬಿಣದ ಸಲಾಕೆಯಿಂದ ಲಾಮಿಯಾಂಗಳ ಮುಖಕ್ಕೆ ಬಾರಿಸಿದ. ಮುಂದಿನ ಎರಡು ಹಲ್ಲು ಮಣ್ಣಿಗೆ ಬಿದ್ದವು. ಅವಳು ರಕ್ತ ಉಗಿದು, ಕೆಟ್ಟ ಗರಗಸವನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮೊಣಕಾಲಿಗೆ ಬೀಸಿದಳು. ಮೂಳೆ ಲಟಕ್ಕೆಂದಿತು. ಬಿದ್ದವನ ಕೈಯ ಮೇಲೆ ಮತ್ತೆ ಬೀಸಿದಳು.

"ಅಯ್ಯೋ, ಯಾರಾದ್ರೂ ಹಿಡಿರೋ ಇವಳನ್ನ!" ಎಂದು ಅವನು ಅರಚಿದ. ಹದಿನೇಳು ಜನ ಸುಮ್ಮನೆ ನಿಂತಿದ್ದರು. ಮೂರನೆಯ ಸಲ ಅವಳು ಅವನ ತಲೆಯ ಮೇಲೆ ಎತ್ತಿದಾಗ ಮಾತ್ರ ದೆಹೆನ್ ಹಿಂದಿನಿಂದ ತಬ್ಬಿ ಹಿಡಿದ. "ಸಾಕು ತಾಯಿ. ರಾವಿಂಗನ್ನ ಮಣ್ಣು ಮಾಡೋಕೆ ನೀನಿರಬೇಕು."

ಏಳು ತಿಂಗಳು ಜೈಲಾಯಿತು. ಒಳಗೆ ಅವಳಿಗೆ ಪಶ್ಚಾತ್ತಾಪ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಹೊರಗೆ ಬಂದಾಗ ಸಬ್ರನ್ ಕೆಲಸ ಕಳೆದುಕೊಂಡು ಊರು ಬಿಟ್ಟಿದ್ದ. ಎಣ್ಣೆ ಕೋಣೆಯ ಬೀಗದ ಕೈ ಅವಳಿಗೆ ಕೊಡುವ ತನಕ ಗರಗಸ ಮುಟ್ಟುವುದಿಲ್ಲ ಎಂದು ಕೂಲಿಗಳು ಹೊಸ ಮೇಸ್ತ್ರಿಯ ಮುಂದೆ ಕೂತರು. ಮೂರನೆಯ ದಿನ ಅವನು ಅದನ್ನು ಅವಳ ಕೈಗೆ ಹಾಕಿದ. ಅವಳು ಒಳಗೆ ಹೋಗಿ ಡ್ರಮ್ಮಿನಲ್ಲಿ ಎಷ್ಟು ಎಣ್ಣೆಯಿದೆ ಎಂದು ಕೋಲು ಇಳಿಸಿ ನೋಡಿದಳು.